ಏಳು ಕಾಲಿನ ಜೇಡ ಮತ್ತು ಮಾನ್ಯತೆ ಕಳೆದುಕೊಂಡ ಶಾಲೆ

ಶಾಲೆಗಳ ಮಾನ್ಯತೆ ನೋಡಿಕೊಳ್ಳುವ ಮಾನ್ಯರೇ,

ಇವತ್ತು ನನಗೆ ಉಪವಾಸ. ಮನೆ ಗುಡಿಸಿ, ಒರೆಸಿ, ಬಟ್ಟೆ ಒಗೆದು ಹರವಿ, ದೇವರಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಉಪವಾಸದ ದಿನ ಸಿಟ್ಟು ಮಾಡಬಾರದು. ಮಾಡಿಸಿದವರು ನೀವು, ಆ ಪಾಪ ನಿಮಗೇ ಇರಲಿ. ನನ್ನ ಮೊಮ್ಮಗಳ ಶಾಲೆಯನ್ನು ಈ ವರ್ಷದ ಕೊನೆಗೆ ಮುಚ್ಚಬೇಕೆಂದು ಆದೇಶ ಮಾಡಿದ್ದೀರಿ. ಬಾಗಿಲಿಗೆ ಅಂಟಿಸಿದ್ದನ್ನು ನಾನೇ ಓದಿದೆ. ಒಂದು ಕಾರಣ, ‘ತರಗತಿಯ ಕಿಟಕಿಯಲ್ಲಿ ಜೇಡರ ಬಲೆ’. ಇನ್ನೊಂದು, ‘ಮಕ್ಕಳಲ್ಲಿ ಸಾಮಾನ್ಯ ಜ್ಞಾನದ ಹಾಗೂ ವಿನಯದ ಕೊರತೆ’.

ನೀವು ತನಿಖೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಆ ಶಾಲೆಯಲ್ಲಿ ಅಜ್ಜಿಯರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ನೀವು ನನ್ನನ್ನು ನೋಡಲಿಲ್ಲ, ನಾನು ನಿಮ್ಮನ್ನು ಚೆನ್ನಾಗಿ ನೋಡಿದೆ. ಬಲೆಯತ್ತ ಮೂಗು ಮುರಿದು ನನ್ನ ಮೊಮ್ಮಗಳನ್ನೇ ಎಬ್ಬಿಸಿದಿರಿ. ಜೇಡಕ್ಕೆ ಎಷ್ಟು ಕಾಲು ಎಂದು ಕೇಳಿದಿರಿ.

“ಎಂಟಿರತ್ತೆ ಸಾರ್. ಆದ್ರೆ ನಮ್ಮದಕ್ಕೆ ಏಳೇ ಇದೆ. ಯಾಕೆ ಅಂತ ಗೊತ್ತಿಲ್ಲ. ಬನ್ನಿ, ತೋರಿಸ್ತೀನಿ.”

“ಎಂಟು ಅಷ್ಟೇ. ಕೂತ್ಕೋ.”

“ನೀವು ಎಣಿಸಿ ನೋಡಿದೀರಾ ಸಾರ್?”

ವಿನಯದ ಕೊರತೆ ಎಂದರೆ ಇದೇ ತಾನೇ? ಕಿಟಕಿ ನಿಮ್ಮ ಭುಜದ ಹಿಂದೆಯೇ ಇತ್ತು. ಕತ್ತು ತಿರುಗಿಸಿದ್ದರೆ ಸಾಕಿತ್ತು. ಹಾಗೆ ಕತ್ತು ತಿರುಗಿಸುವುದಕ್ಕೂ ಮೇಲಿನಿಂದ ಆದೇಶ ಬರಬೇಕಿತ್ತೋ ಏನೋ, ನನಗೆ ತಿಳಿಯದು.

ನಾನು ಊರಿನ ಶಾಲೆಯಲ್ಲಿ ಕಲಿತವಳು. ‘ಗೊತ್ತಿಲ್ಲ’ ಎಂದರೆ ಅಂಗೈ ಮೇಲೆ ಬೆತ್ತ ಬೀಳುತ್ತಿತ್ತು. ಹಾಗಾಗಿ ಗೊತ್ತಿಲ್ಲದ್ದಕ್ಕೂ ತಲೆಯಾಡಿಸುವುದನ್ನು ಬೇಗ ಕಲಿತೆ. ಅದೊಂದು ಪಾಠ ಇವತ್ತಿಗೂ ಮರೆತಿಲ್ಲ. ಅದೇ ಪಾಠ ನನ್ನ ಮೊಮ್ಮಗಳಿಗೂ ಆಗುವುದರಲ್ಲಿತ್ತು. ಮನೆಯಲ್ಲಿ ಅವಳನ್ನು ವಟವಟಿ ಎಂದೇ ಕರೆಯುವುದು. ನೀವು ಮೆಚ್ಚಿ ಪ್ರಶಂಸಾಪತ್ರ ಕೊಟ್ಟಿರುವ ಹಳೇ ಶಾಲೆಗೆ ಹೋಗುತ್ತಿದ್ದಾಗ ಆ ಹೆಸರು ನಮಗೇ ಮರೆತುಹೋಗಿತ್ತು. ದಿನಾ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಭಾನುವಾರವೂ ನೋಯುತ್ತದೆಯೇ ಎಂದರು. ಭಾನುವಾರ ಒಮ್ಮೆಯೂ ನೋವು ಬಂದಿರಲಿಲ್ಲ.

ಈ ಶಾಲೆಗೆ ಸೇರಿದ ಹೊಸದರಲ್ಲಿ ನನಗೂ ಅನುಮಾನವಿತ್ತು, ಸುಳ್ಳೇಕೆ ಹೇಳಲಿ. ಮಗ್ಗಿ ಬಾಯಿಪಾಠವಿಲ್ಲ, ಕೈಕಟ್ಟಿ ಕೂರುವುದಿಲ್ಲ, ಬಲೆ ಹೊಡೆಯಲು ಒಂದು ಪೊರಕೆ ಇಲ್ಲವೇ ಎಂದು ಮೇಷ್ಟರನ್ನೇ ದಬಾಯಿಸಿದೆ. ಪೊರಕೆ ಇದೆ, ಮಕ್ಕಳು ಆ ಕಿಟಕಿಯನ್ನು ಮುಟ್ಟಲು ಬಿಡುತ್ತಿಲ್ಲ ಎಂದು ನಕ್ಕರು. ಜೇಡದ ಉದುರಿದ ಕಾಲು ಮತ್ತೆ ಬೆಳೆಯುತ್ತದೆಯೇ ಎಂದು ಮಕ್ಕಳು ಅವರನ್ನೂ ಕೇಳಿದ್ದರಂತೆ. ಅವರು, “ನಂಗೂ ಗೊತ್ತಿಲ್ಲ, ಕಾದು ನೋಡೋಣ,” ಅಂದರಂತೆ. ಮೇಷ್ಟರೊಬ್ಬರು ಹಾಗೆ ಹೇಳಿದ್ದನ್ನು ನನ್ನ ಆಯಸ್ಸಿನಲ್ಲೇ ಕೇಳಿರಲಿಲ್ಲ. ಆ ಜೇಡಕ್ಕಾಗಿ ಮಕ್ಕಳು ಓದುತ್ತಾರೆ, ಚಿತ್ರ ಬರೆಯುತ್ತಾರೆ, ಜಗಳವಾಡುತ್ತಾರೆ, ಜಗಳ ಗೆಲ್ಲಲು ಮತ್ತೆ ಓದುತ್ತಾರೆ. ಜ್ವರ ಬಂದ ದಿನವೂ ನಮ್ಮ ವಟವಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅವಳ ಮಾತು ಕೇಳಿ ನಾನೂ ದೇವರ ಕೋಣೆಯ ಮೂಲೆಯಲ್ಲೊಂದು ಬಲೆ ಬಿಟ್ಟಿದ್ದೇನೆ. “ಅತ್ತೆ, ಇದೇ ನಾನು ಬಿಟ್ಟಿದ್ರೆ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ರಿ,” ಎಂದಳು ಸೊಸೆ. ನಿಜ, ಹೇಳುತ್ತಿದ್ದೆ. ಆದರೆ ದೇವರು ಇದುವರೆಗೂ ಬೇಸರ ಮಾಡಿಕೊಂಡಿಲ್ಲ. ಆ ಜೀವವನ್ನು ಮಾಡಿದವನು ಅವನೇ ಅಲ್ಲವೇ? ಅವನ ಮನೆ ಮಾನ್ಯತೆಯನ್ನೂ ರದ್ದು ಮಾಡುವುದಿದ್ದರೆ ಬನ್ನಿ, ವಿಳಾಸ ಕೊಡುತ್ತೇನೆ.

ಶಾಲೆ ಮುಚ್ಚಿದರೆ ಮಕ್ಕಳೆಲ್ಲ ಆ ಹಳೇ ಶಾಲೆಗೇ ಹೋಗಬೇಕೆಂದು ಆದೇಶದಲ್ಲಿದೆ. ಅದನ್ನು ಓದಿದಂದಿನಿಂದ ವಟವಟಿ ಬೆಳಿಗ್ಗೆ ಎದ್ದು ಮತ್ತೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಾಳೆ. ನನ್ನ ಸಿಟ್ಟು ಎಲ್ಲಿಂದ ಬಂತೆಂದು ಈಗಲಾದರೂ ತಿಳಿಯಿತೇ?

ನಾನು ಕೇಳುವುದು ಇಷ್ಟೇ. ಆದೇಶ ಹಿಂದಕ್ಕೆ ಪಡೆಯಿರಿ. ಪಡೆಯುವ ಮೊದಲು ಇನ್ನೊಮ್ಮೆ ಬಂದು ಆ ಕಿಟಕಿಯ ಮುಂದೆ ನಿಂತು ಕಾಲು ಎಣಿಸಿ. ಎಂಟನೆಯದು ಮತ್ತೆ ಬೆಳೆಯುತ್ತದೋ ಇಲ್ಲವೋ, ಆ ಹುಡುಗಿಗೆ ಉತ್ತರ ಕೊಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆ ಕೋಣೆಯಲ್ಲಿ ಹಾಗೆಂದರೆ ಯಾರೂ ಹೊಡೆಯುವುದಿಲ್ಲ, ಕೂರಲು ಜಾಗ ಕೊಡುತ್ತಾರೆ.

ಈ ಬಹಿರಂಗ ಪತ್ರ ಓದಿದವರಲ್ಲಿ ಯಾರಾದರೂ ಆ ಕಚೇರಿಯ ಕಡೆ ಹೋಗುವವರಿದ್ದರೆ, ದಯವಿಟ್ಟು ಒಳಗೆ ಹೋಗಿ ಇದಕ್ಕೆ ಉತ್ತರ ಕೇಳಿ ತನ್ನಿ. ನಾನೇ ಹೋದರೆ ಮತ್ತೆ ತಲೆಯಾಡಿಸಿ ಬಂದುಬಿಡುತ್ತೇನೆ.

ಇಂತಿ,
ಐವತ್ತಕ್ಕೆ ‘ಗೊತ್ತಿಲ್ಲ’ ಎನ್ನಲು ಕಲಿಯುತ್ತಿರುವ
ಹಿಂದಿನ ಬೆಂಚಿನ ಅಜ್ಜಿ