ಒಂದಡಿ ಪಟ್ಟಿಗೆ ಸಾಲದ ತಾರ್ಲೆ

ಮೀನುಗಾರಿಕೆ ಕಚೇರಿಯ ಮೇಲಧಿಕಾರಿಗಳೇ,

ಕಳೆದ ಭಾನುವಾರ ಮಾದಾಪುರದ ಸಂತೆಯಲ್ಲಿ ತಮ್ಮ ಇನ್ಸ್‌ಪೆಕ್ಟರು ನನ್ನ ಹೆಂಡತಿಯ ಬಯಕೆಯನ್ನು ಜಪ್ತಿ ಮಾಡಿಕೊಂಡು ಹೋದರು. ದಯವಿಟ್ಟು ವಾಪಸು ಕೊಡಿಸಿ.

ನಾನು ಬೀದರ ಕಡೆಯವನು. ತಮ್ಮ ತೆಲುಗು ಸೀಮೆಗೆ ಬಂದು ಅಮೀರ್‌ಪೇಟಿನಲ್ಲಿ, ಸಾಫ್ಟ್‌ವೇರ್ ಕೆಲಸದ ಕನಸು ಹೊತ್ತು ಬರುವವರಿಗೆ ಜಾವಾ ಕಲಿಸುತ್ತೇನೆ. ಹೆಂಡತಿ ನಳಿನಿ ಕಾರವಾರದವಳು, ಈಗ ಏಳು ತಿಂಗಳ ಬಸುರಿ. ಅವಳ ತವರಿನಲ್ಲಿ ಬಯಕೆ ಊಟಕ್ಕೆ ಹೋಳಿಗೆ ಇಲ್ಲದಿದ್ದರೂ ನಡೆದೀತು, ತಾರ್ಲೆ ಸಾರು ಇಲ್ಲದಿದ್ದರೆ ಅದು ಊಟವೇ ಅಲ್ಲ. ತಾರ್ಲೆ ಎಂದರೆ ಮಂಗಳೂರಿನವರ ಬೂತಾಯಿ, ಮೈತುಂಬ ಎಣ್ಣೆಯಿರುವ ಪುಟ್ಟ ಸಮುದ್ರಮೀನು. ಇಲ್ಲಿನ ಸಂತೆಯಲ್ಲಿ ಅದನ್ನು ಮಾರುವವಳು ತುಳಸಾಬಾಯಿ ಒಬ್ಬಳೇ. ‘ಭಾನುವಾರ ಬರ್ರಿ ಸರ್, ಬಸುರಿ ಹೆಂಗಸಿಗೆ ಇಲ್ಲ ಅನ್ನಾಕ ಆಗತೈತೇನ್ರಿ’ ಎಂದು ಮಾತು ಕೊಟ್ಟಿದ್ದಳು, ತರಿಸಿಯೂ ಇದ್ದಳು.

ಆಗ ತಮ್ಮವರು ಬಂದರು, ಕೈಯಲ್ಲಿ ಶಾಲೆ ಹುಡುಗರ ಒಂದಡಿ ಪಟ್ಟಿ. ಮೀನಿನ ಸಂತತಿ ಉಳಿಯಬೇಕು, ಪಟ್ಟಿಗಿಂತ ಚಿಕ್ಕದು ಮಾರಕೂಡದು ಎಂದು ತಮ್ಮ ಹೊಸ ಆಜ್ಞೆಯಂತೆ. ತಾರ್ಲೆಯನ್ನು ಪಟ್ಟಿಯ ಮೇಲೆ ಮಲಗಿಸಿ, ‘ಪಿಲ್ಲ ಚೇಪ!’ ಎಂದರು. ಮರಿ ಮೀನಂತೆ!

‘ಮರಿ ಅಲ್ಲ ಮಾರಾಯರೇ, ಇದರ ಅಜ್ಜಿಯೂ ಇಷ್ಟೇ ಉದ್ದ’ ಎಂದಳು ನಳಿನಿ.

ತುಳಸಾಬಾಯಿ ಆಗಲೇ ಒಂದನ್ನು ಸೀಳಿದ್ದಳು, ಹೊಟ್ಟೆ ತುಂಬ ಮೊಟ್ಟೆ. ಆ ಗರ್ಭಿಣಿ ಶಿಶುವನ್ನೂ ತಮ್ಮವರು ಅವಳ ಬುಟ್ಟಿಗೇ ಹಾಕಿ, ಬುಟ್ಟಿಯನ್ನೇ ಜಪ್ತಿ ಮಾಡಿದರು.

‘ಅಳತಿ ಸಾಲದಂದ್ರ ಎಳದು ಉದ್ದ ಮಾಡ್ಲೇನ್ರಿ?’ ಎಂದು ತುಳಸಾಬಾಯಿ ಕೂಗಿದಳು. ಪಕ್ಕದಂಗಡಿಯಲ್ಲಿದ್ದ ಕೆರೆಯ ಸಾಕುಮೀನು ರೋಹು ಒಂದಡಿ ದಾಟಿತ್ತು, ಪಾಸಾಯಿತು. ಅದು ಜನ್ಮದಲ್ಲಿ ಇನ್ನೂ ಒಂದು ಮೊಟ್ಟೆಯನ್ನೂ ಇಟ್ಟಿರಲಿಲ್ಲ. ಮರಿಗೆ ಪರವಾನಗಿ, ತಾಯಿಗೆ ಜಪ್ತಿ! ಎಂಥ ಸಂರಕ್ಷಣೆ ಸ್ವಾಮಿ ಇದು?

ಸಮುದ್ರ ಬರಿದಾಗಬಾರದು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಮೊಟ್ಟೆಯಿಡುವ ಕಾಲಕ್ಕೆ ಬಲೆ ಬೀಸಬೇಡಿ ಎನ್ನಿ, ಕೈಮುಗಿಯುತ್ತೇನೆ. ನನ್ನ ಮಾವನ ಊರಿನಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆಳೆದು ಒಣಮೀನು ತಿಂದುಕೊಂಡಿರುತ್ತಾರೆ. ಆದರೆ ಎಲ್ಲ ಮೀನಿಗೂ ಒಂದೇ ಪಟ್ಟಿ ಹಿಡಿದರೆ ಇಲಿಯನ್ನು ಆನೆಮರಿ ಎಂದಂತಾಗುವುದಿಲ್ಲವೇ?

ಇನ್ನೂ ಕೇಳಿ. ಬುಟ್ಟಿ ಎಲ್ಲಿಗೆ ಹೋಯಿತೆಂದು ತಮ್ಮ ಕಚೇರಿಗೇ ಬಂದು ವಿಚಾರಿಸಿದೆ. ಗುಮಾಸ್ತರು ಬಹಳ ಹೆಮ್ಮೆಯಿಂದ, ‘ವೇಸ್ಟ್ ಮಾಡಲ್ಲ ಸಾರ್, ಮೀನುಹಿಟ್ಟಿನ ಕಾರ್ಖಾನೆಗೆ ಕೊಡ್ತೀವಿ’ ಎಂದರು. ಆ ಹಿಟ್ಟು ಯಾರಿಗೆ? ಕೆರೆಯ ಸಾಕುಮೀನಿಗೆ! ಅಂದರೆ ನನ್ನ ಹೆಂಡತಿ ತಿಂದರೆ ತಾರ್ಲೆಯ ವಂಶ ನಾಶ, ರೋಹು ತಿಂದರೆ ಉದ್ಧಾರ. ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು, ಮನೆಗೆ ಬಂದು ನಳಿನಿಯ ಮುಖ ನೋಡಿದಾಗ ಎರಡೂ ಹೋಗಿ ಸಂಕಟವಾಯಿತು. ಅವಳು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.

ಆದ್ದರಿಂದ ಆ ಪಟ್ಟಿಯನ್ನು ಶಾಲೆಗೆ ಹಿಂದಿರುಗಿಸಿ, ಒಂದೊಂದು ಜಾತಿಯ ಮೀನಿಗೆ ಅದರದರ ಅಳತೆ ಗೊತ್ತುಮಾಡಿ. ತುಳಸಾಬಾಯಿಯ ಬುಟ್ಟಿಯನ್ನು ಬರುವ ಭಾನುವಾರದೊಳಗೆ, ತುಂಬಿಸಿ, ಕೊಡಿ. ಬೇಗ ಮಾಡಿ ಸ್ವಾಮಿ. ನಿನ್ನೆ ನಳಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಇದು ಹುಟ್ಟುವಾಗ ಒಂದೂವರೆ ಅಡಿಯಾದರೂ ಇರ್ತದಲ್ಲ? ಇಲ್ಲಾಂದ್ರೆ ಇದನ್ನೂ ಒಯ್ದಾರು’ ಎಂದಳು. ಅವಳು ನಗಲಿಲ್ಲ.

ಇಂತಿ,
ರೋಹುವಿಗಿಂತ ಕೀಳಾಗಿ ಹೋದ ಗಂಡ,
ಆನಂದಕುಮಾರ