ಸ್ವೆಟರಿನೊಳಗೆ ಬೆಚ್ಚಗಿದ್ದ ಶೀಶೆ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೯, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಹುಷಾರು. ಐದು ತಿಂಗಳ ಹಿಂದೆ ಹೊರಟ ದಿನ ಬಾಗಿಲಲ್ಲಿ ನಿಂತು, "ಬಂಜೆ ಇರೋ ಮನೇಲಿ ನಾನಿರಲ್ಲ, ಮಗನಿಗೆ ಬೇರೆ ಹೆಣ್ಣು ನೋಡ್ತೀನಿ" ಎಂದಿರಲ್ಲ, ಅದೂ ಅಳತೆ ಕೊಡಲು ಬಂದ ಗಿರಾಕಿಯ ಎದುರಿಗೇ! ಸೊಂಟದ ಅಳತೆ ತಪ್ಪಾಗಿ ಬರೆದುಕೊಂಡೆ, ಅವಳ ಕೋಟು ಹಾಳಾಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ ಅತ್ತೆ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಿಮ್ಮ ಮಗನ ಪರೀಕ್ಷೆ ಸರಿಯಾಗಿದೆ ಅಂದಮೇಲೆ ದೋಷವೆಲ್ಲ ನನ್ನದೇ ಎಂದಾಯಿತು. ಮೊದಲು ಮಾತ್ರೆ ನುಂಗಿದೆ. ಅಗ್ಗ, ತಲೆಸುತ್ತು ಪುಕ್ಕಟೆ. ಆಮೇಲೆ ಇಂಜೆಕ್ಷನ್ನು. ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಡಲಾಗದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಬಂದು "ನಾಟಕ" ಎಂದಿರಿ. ವೀರ್ಯವನ್ನು ನೇರ ಗರ್ಭಕ್ಕೇ ಸೇರಿಸಬಹುದು, ಇಲ್ಲವೇ ಪ್ರನಾಳ ಶಿಶು ಮಾಡಬಹುದು ಎಂದು ಡಾಕ್ಟರಮ್ಮ ಹೇಳಿದಾಗಲೆಲ್ಲ ತಾಯಿ ಮಗ ಇಬ್ಬರದೂ ಒಂದೇ ರಾಗ, "ದುಡ್ಡು ದಂಡ, ಮಾತ್ರೆ, ಇಂಜೆಕ್ಷನ್ನೇ ಸಾಕು." ಪೆದ್ದಿ ನಾನು, ನನ್ನ ಮೇಲಿನ ಕರುಣೆ ಅಂದುಕೊಂಡೆ.

ನೀವು ಹೋದಮೇಲೆ ಡಾಕ್ಟರಮ್ಮ ನಿಮ್ಮ ಮಗನನ್ನೇ ಮತ್ತೆ ಪರೀಕ್ಷಿಸಬೇಕೆಂದರು. ಈ ಸಲ ವೀರ್ಯದ ಮಾದರಿ ಮನೆಯಿಂದ ತರುವಂತಿಲ್ಲ, ಅಲ್ಲೇ ಕೊಡಬೇಕಂತೆ. ನಿಮ್ಮ ಮಗ ಬೆವರಿಬಿಟ್ಟರು. ಮನೆಗೆ ಬಂದು ಎಲ್ಲ ಕಕ್ಕಿದರು. ಮೊದಲ ಸಲದ ಶೀಶೆಯಲ್ಲಿದ್ದದ್ದು ಅವರದಲ್ಲ, ಮೈದುನನದು! ಆರಬಾರದೆಂದು ಸ್ವೆಟರಿನೊಳಗೆ ಬೆಚ್ಚಗೆ ಇಟ್ಟುಕೊಂಡು, ಬಸ್ಸು ಹತ್ತಿ, ಲ್ಯಾಬಿಗೆ ಮುಟ್ಟಿಸಿದವರು ನೀವು. ಥೂ! ಮಾತ್ರೆ, ಇಂಜೆಕ್ಷನ್ನು ಬಿಟ್ಟು ಬೇರೇನಕ್ಕೆ ಒಪ್ಪಿದ್ದರೂ ಅವರ ವೀರ್ಯವೇ ಬೇಕಿತ್ತು, ಗುಟ್ಟು ರಟ್ಟಾಗುತ್ತಿತ್ತು. ಮಗನ ಮಾನ ಉಳಿಸಲು ನನ್ನ ಪ್ರಾಣವನ್ನೇ ಪಣಕ್ಕಿಟ್ಟಿರಿ.

ಅಲ್ಲೇ ಕೊಟ್ಟ ಮಾದರಿಯಲ್ಲಿ ಸಿಕ್ಕಿದ್ದು ಬೆರಳೆಣಿಕೆಯಷ್ಟು ವೀರ್ಯಾಣು. ಡಾಕ್ಟರಮ್ಮ ಮೂರು ದಾರಿ ಹೇಳಿದರು. ನಿಮ್ಮ ಮಗನಿಗೊಂದು ಸಣ್ಣ ಆಪರೇಷನ್ ಮಾಡಬಹುದು, ಫಲ ಸಿಗುತ್ತದೆಂಬ ಭರವಸೆಯಿಲ್ಲ. ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸಿದರೆ ಆಸೆ ಹೆಚ್ಚು, ಆದರೆ ಅಂಗಡಿ ಮಾರಬೇಕು, ನನ್ನ ಮೈಗೆ ಮತ್ತೆ ಅದೇ ಇಂಜೆಕ್ಷನ್ನು. ಮೂರನೆಯದು ಎಲ್ಲಕ್ಕಿಂತ ಅಗ್ಗ, ನನ್ನ ಜೀವಕ್ಕೂ ಅಷ್ಟು ಭಯವಿಲ್ಲ. ಅದನ್ನೇ ಆರಿಸಿದೆ. ನಿಮ್ಮ ಮಗ ಸಹಿ ಹಾಕಿದರು.

ಗಿರಾಕಿಗಳು ಕಾಯುತ್ತಿದ್ದಾರೆ, ಮುಗಿಸುತ್ತೇನೆ. ನಾದಿನಿಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಇಲ್ಲದಿದ್ದರೂ ನಡೆಯುತ್ತದೆ.

ಇಂತಿ,
ನಿಮ್ಮ ಏಕಮಾತ್ರ ಹಿರಿಸೊಸೆ

ತಾ.ಕ.: ಹೇಳಲು ಮರೆತೆ, ನನಗೀಗ ಮೂರು ತಿಂಗಳು. ಮೂರನೆಯ ದಾರಿ ಎಂದರೆ ಮುಖ ಕಾಣದ ಯಾರೋ ದಾನಿಯ ವೀರ್ಯ. ನಮ್ಮ ವಂಶ, ನಮ್ಮ ವಂಶ ಎನ್ನುತ್ತಿದ್ದಿರಲ್ಲ, ಅದರ ಒಂದು ಹನಿಯೂ ಈ ಮಗುವಿನಲ್ಲಿಲ್ಲ. ಗೊತ್ತಿರುವುದು ನಮಗೆ ಮೂವರಿಗೇ. ಬೇರೆ ಹೆಣ್ಣು ನೋಡುವುದನ್ನು ನಿಲ್ಲಿಸಿ ಬಂದುಬಿಡಿ. ಬಾಯಿಬಿಟ್ಟರೆ ಶೀಶೆಯ ಕಥೆ ಮೊದಲು ಹೋಗುವುದು ಮೈದುನನ ಹೆಂಡತಿಯ ಕಿವಿಗೆ. ಮಗು ನೋಡಲು ಬಂದವರು "ಅಯ್ಯೋ, ಥೇಟ್ ಅಜ್ಜೀನೇ!" ಎನ್ನುತ್ತಾರೆ. ಆಗೆಲ್ಲ ನನ್ನ ಮುಖ ನೋಡಿಕೊಂಡು, ನಗುತ್ತಾ, ನೀವು ಹೂಂ ಎನ್ನಬೇಕು.