ಯಮುನಕ್ಕ ಚುಕ್ಕಾಣಿ ಬಿಟ್ಟ ಬೆಳಗು

ಗಂಗಾವಳಿ ಅಳಿವೆ,
2168ನೆಯ ಇಸವಿ, ಫೆಬ್ರವರಿ 30

ನಮಗಿಂತ ಮೊದಲು ಈ ಕರಾವಳಿಯಲ್ಲಿ ಬಾಳುತ್ತಿರುವ ಹಿರಿಯರಿಗೆ ಸುಗಂಧಿ ಹರಿಕಂತ್ರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ರಜೆಯೆಂದು ಬಿಟ್ಟಿದ್ದೇವೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ನನ್ನ ದೊಡ್ಡಮ್ಮ ಯಮುನೆಯ ವಿಷಯ ನಿಮಗೆ ತಿಳಿಸಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಅವಳಿಗೆ ಬಂದ ಕಾಯಿಲೆ ನಿಮ್ಮ ಕಾಲದಲ್ಲೂ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಬರೆಯಲು ಕೂತೆ.

ನೀವು ಓಡಾಡುವ ದಂಡೆ ಈಗ ನೀರಿನಡಿ ಇದೆ. ಊರುಗಳು ಗುಡ್ಡ ಹತ್ತಿವೆ. ಶಾಲೆ ಒಂದು ಗುಡ್ಡದಲ್ಲಿ, ಪೇಟೆ ಇನ್ನೊಂದರಲ್ಲಿ, ನಡುವೆ ದೋಣಿ. ಅಕ್ಕಿ ಮೂಟೆ, ಮೀನಿನ ಬುಟ್ಟಿ, ಭಜನೆಗೆ ಹೊರಟ ತಂಡ, ಹೆರಿಗೆಗೆ ಹೊರಟ ಹೆಂಗಸು, ಎಲ್ಲವೂ ಎಲ್ಲರೂ ದೋಣಿಯಲ್ಲೇ. ಚಳಿಗಾಲದಲ್ಲಿ ಬಿಸಿಯಾದ ಸಮುದ್ರದಿಂದ ದಟ್ಟ ಮಂಜು ಏಳುತ್ತದೆ. ಅದನ್ನು ಹಾಲ್ಗಾಳಿ ಎನ್ನುತ್ತೇವೆ. ಅದರ ಉಪ್ಪು ಯಂತ್ರಗಳ ಕಣ್ಣಿಗೂ ಪೊರೆ ಕಟ್ಟಿಸುತ್ತದೆ. ಅದಕ್ಕೇ ನೀರಿನಡಿಯ ಹಳೆಯ ಗೋಡೆ, ಕಂಬಗಳ ಮೇಲೆಲ್ಲ ಕೂಗುಬೆಂಡುಗಳನ್ನು ಕಟ್ಟಿದ್ದೇವೆ. ಇವು ತೇಲುವ ಬುರುಡೆಗಳು. ಅಲೆ ಎತ್ತಿದಾಗ ಗಾಳಿ ಹೊಕ್ಕು ಶಂಖದಂತೆ ಕೂಗುತ್ತವೆ. ಯಾವ ಕೂಗು ಯಾವ ಕಡೆಯಿಂದ ಬಂತೆಂದು ಕೇಳಿಸಿಕೊಂಡು ತಾಂಡೇಲರು, ಎಂದರೆ ದೋಣಿ ನಡೆಸುವವರು, ದಾರಿ ಹಿಡಿಯಬೇಕು. ಅದಕ್ಕೆ ಎರಡೂ ಕಿವಿ ಬೇಕು. ಒಂದೇ ಕಿವಿಯಿದ್ದರೆ ಸದ್ದು ಕೇಳಿಸುತ್ತದೆ, ದಿಕ್ಕು ತಿಳಿಯುವುದಿಲ್ಲ.

ಯಮುನೆ ಈ ಅಳಿವೆಯ ಹೆಸರಾಂತ ತಾಂಡೇಲೆ. ಎತ್ತರದ ಆಳು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಊರಿಗೆಲ್ಲ ಅವಳು ಯಮುನಕ್ಕ. ಅವಳಿದ್ದರೆ ಹಾಲ್ಗಾಳಿಯಲ್ಲೂ ಜನ ದೋಣಿಯಲ್ಲಿ ತೂಕಡಿಸುತ್ತಿದ್ದರು. ನಾನು ಅದೇ ದೋಣಿಯಲ್ಲಿ ಎರಡನೆಯ ತಾಂಡೇಲೆಯಾಗಿದ್ದೆ.

ಅವಳು ಚುಕ್ಕಾಣಿ ಬಿಟ್ಟ ಆ ಬೆಳಗ್ಗೆ ಎದ್ದಾಗಲೇ ಅವಳ ಬಲಕಿವಿಯಲ್ಲಿ ನೀರು ಹೊಕ್ಕಂತೆ ಆಗಿತ್ತಂತೆ, ಜೊತೆಗೆ ಸಣ್ಣ ಸಿಳ್ಳೆ. ನೆಗಡಿ ಇರಬೇಕೆಂದುಕೊಂಡು ಬಂದಳು. ದೋಣಿ ತುಂಬ ಶಾಲೆಯ ಮಕ್ಕಳು, ಸಂತೆಯ ಹೆಂಗಸರು. ಅರ್ಧ ದಾರಿಯಲ್ಲಿ ಹಾಲ್ಗಾಳಿ ಮುತ್ತಿಕೊಂಡಿತು. ಬಲಗಡೆಯ ಕೂಗುಬೆಂಡು ಕೂಗಿತು; ಅದರಡಿಯ ಗೋಡೆಯಿಂದ ದೂರ ಸರಿಯುವ ಬದಲು ದೊಡ್ಡಮ್ಮ ಚುಕ್ಕಾಣಿಯನ್ನು ಬಲಕ್ಕೇ ತಿರುಗಿಸತೊಡಗಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ನಿಂತಿತು. ತಲೆಯನ್ನು ಆ ಕಡೆ, ಈ ಕಡೆ ಹೊರಳಿಸಿ ಕೇಳಿದಳು. ಆಮೇಲೆ ಯಂತ್ರ ನಿಲ್ಲಿಸಿದಳು.

"ಎಂತ ಆತು ಯಮುನಕ್ಕ?" ಎಂದು ಯಾರೋ ಕೇಳಿದರು.

"ನಂಗೆ ಬಲಕಿವಿ ಕೇಳ್ತಿಲ್ಲ," ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ. "ಕೂಗು ಎಲ್ಲಿಂದ ಬತ್ತದೆ ಗೊತ್ತಾಗೂದಿಲ್ಲ. ಇನ್ನು ಸುಗಂಧಿ ನಡೆಸ್ತಾಳೆ. ನೀವೆಲ್ಲ ಸುಮ್ನೆ ಕೂತ್ಕಳಿ, ಅವಳಿಗೆ ಕೇಳ್ಲಿ."

ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು ಮಕ್ಕಳ ನಡುವೆ ಹೋಗಿ ಕೂತಳು. ತಾಂಡೇಲರಿಗೆ ಕಿವಿಯೇ ಮರ್ಯಾದೆ. ಅದು ಹೋಯಿತೆಂದು ನಡುನೀರಿನಲ್ಲಿ, ಊರಿನವರ ಎದುರು, ಅಷ್ಟು ನೆಟ್ಟಗೆ ಹೇಳಿದವರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಾನು ಒಂದೊಂದೇ ಕೂಗು ಕೇಳಿಸಿಕೊಂಡು ದೋಣಿ ನಡೆಸಿದೆ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ನಂಬಿಕೆಯ ಮೇಲೆಯೇ ದಡ ಮುಟ್ಟಿಸಿದೆ.

ದಡದಲ್ಲಿ ಒಬ್ಬರು ಬೆಚ್ಚಗಿನ ಎಣ್ಣೆ ಬಿಡು ಎಂದರು, ಇನ್ನೊಬ್ಬರು ನಾಲ್ಕು ದಿನ ಕಾದು ನೋಡು ಎಂದರು. ಅವಳು ಒದ್ದೆ ಸೀರೆಯಲ್ಲೇ ಆಸ್ಪತ್ರೆಯ ಗುಡ್ಡ ಹತ್ತಿದಳು. ಕಿವಿಯ ಡಾಕ್ಟರ್ ಕ್ಲಾರಾ ಸಿದ್ದಿಯವರು ಕಬ್ಬಿಣದ ಕವಲೊಂದನ್ನು ಮೀಟಿ ಹಣೆಯ ನಡುವೆ ಇಟ್ಟರು. ಸದ್ದೆಲ್ಲ ಎಡಗಿವಿಗೇ ಕೇಳಿಸಿತು; ನೆಗಡಿಯಿಂದ ಕಟ್ಟಿದ್ದರೆ ಮಂಕಾದ ಕಿವಿಯಲ್ಲೇ ಜೋರಾಗಿ ಕೇಳಬೇಕಿತ್ತಂತೆ. "ಇದು ನೆಗಡಿ ಅಲ್ಲ, ನರದ್ದು. ಇವತ್ತೇ ಬಂದದ್ದು ಒಳ್ಳೇದಾಯ್ತು," ಎಂದು ಅಂದೇ ಔಷಧ ಶುರು ಮಾಡಿದರು.

ಕೆಲವು ವಾರಗಳಲ್ಲಿ ಕಿವಿ ಮರಳಿತು, ಬಹುಪಾಲು. ಮನೆಯಲ್ಲಿ ಪಾಯಸ ಮಾಡಿದೆವು. ದೋಣಿ ಸಂಘದ ಮುಖ್ಯಸ್ಥ ದಾಮು ಖಾರ್ವಿ ಬಂದು, "ನಾಳೆಯಿಂದ ಬಾ ಯಮುನಕ್ಕ, ನೀ ಇಲ್ದೆ ಜನ ಹೆದರ್ತಾರೆ," ಎಂದ.

ಡಾಕ್ಟರು ಮಾತ್ರ ಒಳನೋಟ ಮಾಡಿಸಬೇಕು ಎಂದಿದ್ದರು. ನೀವು ಎಂ.ಆರ್.ಐ. ಎನ್ನುವುದನ್ನೇ ನಾವು ಒಳನೋಟ ಎನ್ನುತ್ತೇವೆ. ಕಿವಿ ಬಂದಾಯಿತಲ್ಲ, ಇನ್ನೇಕೆ ಎಂದು ನಾನೂ ಅಂದೆ. ದೊಡ್ಡಮ್ಮ ಪಾಯಸದ ಬಟ್ಟಲನ್ನು ಕೆಳಗಿಟ್ಟಳು.

"ಎಂತಕ್ಕೆ ಹೋತು ಅಂತ ಗೊತ್ತಿಲ್ದೆ, ಬಂದದ್ದನ್ನ ಹೆಂಗೆ ನಂಬೂದು?" ಎಂದಳು. "ದೋಣಿಲಿ ಮಕ್ಕಳಿರ್ತಾವೆ ದಾಮು."

ಒಳನೋಟದಲ್ಲಿ ಕಂಡಿತು: ಕಿವಿಯಿಂದ ಮಿದುಳಿಗೆ ಹೋಗುವ ನರದ ಹೊದಿಕೆಯಲ್ಲಿ ಬಟಾಣಿ ಕಾಳಿನಷ್ಟು ಒಂದು ಗಂಟು. ಕ್ಯಾನ್ಸರ್ ಅಲ್ಲ, ಬೇರೆಡೆಗೆ ಹರಡುವಂಥದ್ದಲ್ಲ. ಆದರೆ ಬೆಳೆದರೆ ಪಕ್ಕದ ನರಗಳನ್ನೂ ಮಿದುಳನ್ನೂ ಒತ್ತೀತು. ಹೀಗೆ ಒಮ್ಮೆಲೇ ಕಿವಿ ಹೋದವರಲ್ಲಿ ಹೆಚ್ಚಿನವರಿಗೆ ಗಂಟು ಇರುವುದಿಲ್ಲ. ಇರುವ ಕೆಲವರಲ್ಲಿ, ಕೇಳುವುದು ಮರಳಿ ಬಂದರೂ ಗಂಟು ಅಲ್ಲೇ ಇರುತ್ತದೆ ಎಂದು ಡಾಕ್ಟರು ತಿಳಿಸಿದರು. ಆಗಿಂದಾಗ್ಗೆ ನೋಡುತ್ತಾ ಕಾಯೋಣ ಎಂದು ಡಾಕ್ಟರೂ ದೊಡ್ಡಮ್ಮನೂ ಒಪ್ಪಿದರು.

ದೊಡ್ಡಮ್ಮ ಮತ್ತೆ ಚುಕ್ಕಾಣಿ ಮುಟ್ಟಲಿಲ್ಲ. ಹೊಸಬರಿಗೆ ಕಲಿಸತೊಡಗಿದಳು. ಎರಡು ಮಳೆಗಾಲ ಗಂಟು ಸುಮ್ಮನಿತ್ತು, ಮೂರನೆಯದರಲ್ಲಿ ಬೆಳೆಯಿತು. ಶಸ್ತ್ರಚಿಕಿತ್ಸೆ ಮಾಡಿದರೆ ಆ ಕಿವಿ ಪೂರ್ತಿ ಹೋಗುವುದು ಬಹುತೇಕ ಖಚಿತ, ಮುಖದ ನರ ಉಳಿಸಲು ನೋಡುತ್ತೇವೆ ಎಂದರು. ದೊಡ್ಡಮ್ಮ ಒಪ್ಪಿದಳು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅವಳು ನನಗೆ ದೋಣಿ ತೆಗೆಯಲು ಹೇಳಿದಳು. ಹಾಲ್ಗಾಳಿ ಇರಲಿಲ್ಲ. ಕಣ್ಣು ಮುಚ್ಚಿ ಕೂತು ಬಲಗಡೆಯ ಕೂಗುಗಳನ್ನೆಲ್ಲ ಕೇಳಿಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶಸ್ತ್ರಚಿಕಿತ್ಸೆಯ ನಂತರ ನೆಲವೇ ದೋಣಿಯಂತೆ ತೂಗುತ್ತಿತ್ತು. ನನ್ನ ಭುಜ ಹಿಡಿದು ನಡೆಯುವುದನ್ನು ಮೊದಲಿನಿಂದ ಕಲಿತಳು. ಬಲಗೆನ್ನೆ ಸ್ವಲ್ಪ ದಿನ ಜೋತು, ಆಮೇಲೆ ಸರಿಯಾಯಿತು. ಬಲಕಿವಿ ಹೋಯಿತು. ನೆಟ್ಟಗೆ ನಿಲ್ಲುವ ಶಕ್ತಿ ಬಂದೊಡನೆ ಸಂಘದ ಸಭೆಗೆ ಹೋಗಿ, ಕಿವಿ ಮಂಕಾಯಿತೆಂದು ಹೇಳಿಕೊಂಡ ಯಾರ ಕೆಲಸವನ್ನೂ ಕಿತ್ತುಕೊಳ್ಳಬಾರದು, ಅವರನ್ನು ಅದೇ ದಿನ ಆಸ್ಪತ್ರೆಗೆ ಕಳಿಸಬೇಕು ಎಂದಳು. ದಾಮು ಅದೆಲ್ಲ ಹೇಗೆ ಸಾಧ್ಯ ಎಂದು ಗೊಣಗಿದ. "ಕೆಲಸ ಹೋಗ್ತದೆ ಅಂದ್ರೆ ಯಾರು ಬಾಯಿ ಬಿಡ್ತಾರೆ? ಕೇಳದ ಕಿವಿಲೇ ದೋಣಿ ನಡೆಸ್ತಾರೆ," ಎಂದಳು. ಸಭೆ ಒಪ್ಪಿತು. ಹೋದ ವರ್ಷ ಇಬ್ಬರು ತಾಂಡೇಲರು ತಾವಾಗಿಯೇ ಬಂದು ಹೇಳಿಕೊಂಡರು. ಇಬ್ಬರಿಗೂ ಗಂಟು ಇರಲಿಲ್ಲ. ಬೇಗ ಔಷಧ ಸಿಕ್ಕಿತು, ಇಬ್ಬರೂ ಮರಳಿ ಚುಕ್ಕಾಣಿ ಹಿಡಿದಿದ್ದಾರೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಒಂದು ಕಿವಿ ಒಮ್ಮೆಲೇ ಮಂಕಾದರೆ ನಾಳೆಗೆಂದು ಬಿಡಬೇಡಿ. ಎಣ್ಣೆ ಬಿಟ್ಟು ಕಾಯಬೇಡಿ. ಕಿವಿ ಮರಳಿ ಬಂದಾಗ ಸಂತೋಷಪಡಿ, ಆದರೂ ಯಾಕೆ ಹೋಯಿತೆಂದು ಡಾಕ್ಟರನ್ನು ಕೇಳಿ. ಮತ್ತೆ, ಒಂದೇ ಕಿವಿ ಉಳಿದವರು ನಿಮ್ಮ ಮನೆಯಲ್ಲಿದ್ದರೆ ದೂರದಿಂದ ಕೂಗಿ ಕರೆಯಬೇಡಿ. ಎಲ್ಲಿಂದ ಕರೆದರೆಂದು ತಿಳಿಯದೆ ಅವರು ಸುತ್ತೆಲ್ಲ ನೋಡುವುದು ಬಹಳ ಸಂಕಟದ ನೋಟ. ಎದ್ದು ಅವರಿಗೆ ಕೇಳುವ ಕಡೆಗೆ ಹೋಗಿ ಕೂತುಕೊಳ್ಳಿ. ನಾನೂ ಈಗ ಅದಕ್ಕೇ ಏಳುತ್ತಿದ್ದೇನೆ. ದೊಡ್ಡಮ್ಮ ಚಹಾ ಹಿಡಿದು ಕಾಯುತ್ತಿದ್ದಾಳೆ, ಎಡಗಡೆ ನನಗೆ ಜಾಗ ಬಿಟ್ಟು.

ಇಂತಿ,
ಸುಗಂಧಿ